ಚಪ್ಪಲಿಯ ಲೇಸು

“ಯಾರನ್ನ ಕೇಳಿ ನನ್ನ ತಲೆ ಮೇಲೆ ಕೈ ಇಟ್ಟೆ ನೀನು?”

“ಬಗ್ಗಿದ ತಲೆಗೆ ಕೈ ಇಡದೆ ಏನ ಇಡಲಿ? ಸೌದೆ ಹೊರೆಯಾ?”

“ನಾನೆಲ್ಲಿ ಬಗ್ಗಿದೆ? ಶೂ ಲೇಸು ಬಿಚ್ಚಿತ್ತು. ಕಟ್ಟೋಕೆ ಬಗ್ಗಿದೆ.”

“ಕಾಲಲ್ಲಿ ಚಪ್ಪಲಿ ಇತ್ತು,” ಎಂದಳು ಮಾತಿ.

ಈ ಜಗಳವನ್ನು ನಂಜುಂಡನ್ ನಿನ್ನೆ ತನ್ನ ಹುಟ್ಟೂರು ಇತ್ತಲಾರಿನ ಮದುವೆಯಿಂದ ಊಟಿಗೆ ವಾಪಸು ಬರುವಾಗ ಕಾರಿನಲ್ಲೇ ಸಿದ್ಧ ಮಾಡಿಕೊಂಡಿದ್ದ. ತಾನೇನು ಹೇಳಬೇಕು, ಮನೆಗೆಲಸದ ಹೆಂಗಸು ಅದಕ್ಕೇನು ಹೇಳುತ್ತಾಳೆ, ಆಮೇಲೆ ತಾನು ಯಾವ ಮಾತು ಆಡಿದರೆ ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾಳೆ, ಎಲ್ಲ. ಆ ಜಗಳದಲ್ಲಿ ಅವನ ಕಾಲಿಗೆ ಶೂ ಇತ್ತು. ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಲು ನೋಡಿಕೊಂಡ. ನಿನ್ನೆಯದೇ ಚಪ್ಪಲಿ. ಲೇಸು ಕಟ್ಟುವುದಿರಲಿ, ಒಂದು ದಾರ ಸಿಕ್ಕಿಸಲಿಕ್ಕೂ ತೂತಿಲ್ಲ.

“ಕೆಲವು ಚಪ್ಪಲಿಗೂ ಲೇಸು ಇರ್ತದೆ,” ಎಂದ.

“ಇದಕ್ಕೆ ಇಲ್ಲೆ.” ಮಾತಿ ಮೂಲೆಯ ಬಕೆಟ್ಟಿನಿಂದ ಒದ್ದೆ ಬಟ್ಟೆಯೊಂದನ್ನು ಎತ್ತಿ ಅವನ ಮೂಗಿನ ಮುಂದೆ ಹರಡಿದಳು. ಮದುವೆಗೆಂದು ಅವಳು ಉಟ್ಟುಕೊಂಡು ಹೋಗಿದ್ದ ಬಿಳಿ ಮುಂಡು. ಅದರ ಮೇಲೆ ಐದು ಬೆರಳು, ಒಂದು ಅಂಗೈ, ಕಪ್ಪಗೆ. “ಇದ ನೋಡು. ನಿನ್ನ ತಲೆ ಮುಟ್ಟಿದ ಕೈಯ ಒರೆಸಿದ್ದು. ಮೂರು ಸಲ ಸೋಪು ಹಾಕಿದೆ, ಹೋಪದಿಲ್ಲೆ. ಕೂದಲಿಗೆ ಹಚ್ಚಿದ್ದು ಮಾತ್ರ ಒಂದು ತೂರಲು ಮಳೆಗೇ ಇಳಿಯುತ್ತೆ, ಬಟ್ಟೆಗೆ ಹತ್ತಿದ್ದು ಕಲ್ಲಿಗೆ ಕುಕ್ಕಿದರೂ ಇಳಿಯದು. ಯಾವ ಅಂಗಡಿಯಲ್ಲಿ ತಂದೆ ಮಾರಾಯ ಇದ?”

ಅವನು ತಲೆಗೆ ಬಣ್ಣ ಹಚ್ಚುತ್ತಾನೆಂದು ನಿನ್ನೆಯವರೆಗೆ ಮೂವರಿಗೆ ಗೊತ್ತಿತ್ತು. ಈಗ ಇತ್ತಲಾರಿಗೆ ಗೊತ್ತು. ಹೆಣ್ಣಿನ ಕಡೆಯವರು ಹುಬ್ಬತಲೈ ಊರಿನವರು, ಅವರಿಗೂ ಗೊತ್ತು. ಆದರೆ ಅವನಿಗೆ ಸಿಟ್ಟು ಬಂದದ್ದು ಅದಕ್ಕಲ್ಲ. ಅದಕ್ಕೇ ಎಂದುಕೊಂಡರೆ ಸುಲಭವಾಗುತ್ತಿತ್ತು. ಮದುವೆಮನೆಯ ಅಂಗಳದಲ್ಲಿ ಹಿರಿಯರು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ನೀಲಗಿರಿಯ ಬಡಗರ ಹಟ್ಟಿಯಲ್ಲಿ ಹುಟ್ಟಿದವನಿಗೆ ಅಂಥ ಸಾಲು ಕಂಡರೆ ಕುತ್ತಿಗೆ ತಾನಾಗಿ ತಗ್ಗುತ್ತದೆ. ಚಿಕ್ಕವನು ಟೋಪಿ ತೆಗೆದು ತಲೆ ಬಗ್ಗಿಸಬೇಕು, ದೊಡ್ಡವರು ನೆತ್ತಿಯ ಮೇಲೆ ಕೈಯಿಟ್ಟು ‘ಬದುಕು, ಬದುಕು’ ಎನ್ನಬೇಕು. ಅಲ್ಲಿ ನಡೆಯುವುದು ವಯಸ್ಸು ಒಂದೇ. ಕಾರು ಯಾರದು, ಮನೆ ಎಷ್ಟು ಅಂತಸ್ತಿನದು ಎಂದು ಯಾವ ಕೈಯೂ ಕೇಳುವುದಿಲ್ಲ. ನಂಜುಂಡನ್ ಒಂದು ತುದಿಯಿಂದ ಶುರು ಮಾಡಿದ. ಒಂದು ಕೈ, ಬದುಕು. ನಡುಗುವ ಇನ್ನೊಂದು ಕೈ, ಬದುಕು. ನಶ್ಯದ ವಾಸನೆಯ ಕೈ. ತಲೆ ಎತ್ತದೆಯೇ ಪಕ್ಕಕ್ಕೆ ಸರಿಯುತ್ತ ಹೋದ, ಕಾಗದಕ್ಕೆ ಸೀಲು ಒತ್ತಿಸಿಕೊಂಡ ಹಾಗೆ. ಬಗ್ಗಿದವನಿಗೆ ಮುಖ ಕಾಣುವುದಿಲ್ಲ, ಕಾಲು ಕಾಣುತ್ತದೆ. ಕೊನೆಯ ಜೋಡಿ ಕಾಲು ಕಂಡಾಗ ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಹಿಮ್ಮಡಿ ಒಡೆದ ಕಾಲು, ಎಡಗಾಲ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ದಿನಾ ಬೆಳಿಗ್ಗೆ ಅವನು ಪೇಪರು ಓದುವಾಗ, ಪೇಪರಿನ ಕೆಳ ಅಂಚಿನ ಆಚೆ, ನೆಲ ಒರೆಸುವ ಬಟ್ಟೆಯ ಹಿಂದೆ ಹಿಂದೆ ಹೋಗುವ ಕಾಲು. ಅಷ್ಟರಲ್ಲಿ ಅರ್ಧ ಬಗ್ಗಿ ಆಗಿತ್ತು. ಎದ್ದರೆ ಊರಿಗೆಲ್ಲ ಕಾಣುತ್ತದೆ. ಬಗ್ಗಿದರೆ ತನ್ನ ಮನೆಯ ಪಾತ್ರೆ ತೊಳೆಯುವವಳ ಮುಂದೆ ಬಗ್ಗಿದ ಹಾಗೆ. ಬಗ್ಗಿದವನು ಇನ್ನೂ ಬಗ್ಗಿ, ಕೆಳಗೆ ಕೈ ಹಾಕಿ, ಇಲ್ಲದ ಲೇಸನ್ನು ಕಟ್ಟತೊಡಗಿದ. ಗಂಟು ಕೂಡ ಹಾಕಿದ. ಮೇಲಿನಿಂದ ಕೈ ಬಂತು, ಬೆಚ್ಚಗೆ, ಭಾರವಾಗಿ, ಪೂರ್ತಿ ಅಂಗೈ. “ಬದುಕು, ಬದುಕು,” ಎಂದಳು ಮಾತಿ. ಮಂಜು ಹನಿಯುತ್ತಿತ್ತು. “ಏ ಮಾತಿ, ಕೈ ತೆಗಿ,” ಎಂದು ಅವನು ತಲೆ ಕೊಡವಿದ. ಪಕ್ಕದಲ್ಲಿದ್ದ ಹುಬ್ಬತಲೈಯವನು, ಈಗಷ್ಟೇ ಅದೇ ಕೈಯಿಂದ ಹರಸಿಸಿಕೊಂಡವನು, ಇವರು ಯಾರು ಎಂದು ಕೇಳಿದ. ನಂಜುಂಡನ್ “ನಮ್ಮ ವೀಟ್ಟು ವೇಲಕ್ಕಾರಿ” ಎಂದ. ತಮಿಳಿನಲ್ಲಿ ಅಂದ. ತನ್ನ ಮಾತಿನಲ್ಲಿ, ಅವಳ ಮುಂದೆ, ಆ ಊರಿನ ಅಂಗಳದಲ್ಲಿ ನಿಂತು, ಕೆಲಸದವಳು ಎಂಬ ಶಬ್ದ ಗಂಟಲಿನಿಂದ ಮೇಲೆ ಬರಲಿಲ್ಲ.

“ಕೇಳು ನಂಜಾ,” ಎಂದಳು ಮಾತಿ. ನಾಲ್ಕು ವರ್ಷದಿಂದ ಈ ಮನೆಯಲ್ಲಿ ಅವಳು ಅವನನ್ನು ಏನೆಂದೂ ಕರೆದಿರಲಿಲ್ಲ. ನೆಂಟರು ಬಂದಾಗ ಸಾರ್. ಉಳಿದ ಹೊತ್ತು ಟೀ ಆಗಿದೆ, ಫೋನು ಬಡಿಯುತ್ತಿದೆ, ಹೀಗೆ ಯಾರಿಗೂ ಅಲ್ಲದ ಮಾತು. “ಇವತ್ತಿನ ಕೆಲಸ ಅರ್ಧದಲ್ಲಿ ಬಿಡದಿಲ್ಲೆ. ಮುಗಿಸಿ ಸಂಜೆ ಬಸ್ಸಿಗೆ ಊರಿಗೆ ಹೋಪೆ. ತಿರುಗಿ ಬಾರೆ.”

“ಹೋಗು. ಹಗ್ಗ ಹಾಕಿ ಕಟ್ಟಿದ್ದೀನಾ?”

“ಅದರ ಒಳಗೆ ಒಂದು ಸಲ ನೆಟ್ಟಗೆ ಬಗ್ಗಿದರೆ ಹೋಗದೆ ಇಪ್ಪೆ. ಊರ ಮುಂದೆ ಬೇಡ, ಇಲ್ಲೇ. ಟೋಪಿ ತೆಗೆದು. ಲೇಸು ಗೀಸು ಇಲ್ಲೆ.”

ಅವನ ಹೆಂಡತಿ ವಸಂತಾಮಣಿ ಆಫೀಸಿಗೆ ಹೊರಟು, ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ ಒಳಗೆ ಬಂದಳು. ಜೇನಿನಂಥ ದನಿ. “ಮಾತಿಯವ್ವೆ, ಮೊನ್ನೆಯ ಬೀನ್ಸ್ ಪಲ್ಯ ಇದೆ ಫ್ರಿಜ್ಜಲ್ಲಿ. ನಾವು ತಿನ್ನಲ್ಲ, ನೀವು ಹಾಕ್ಕೊಳ್ಳಿ. ಬಿಸಾಕೋದು ಪಾಪ.” ಆಮೇಲೆ ಗಂಡನನ್ನು ವರಾಂಡಾಕ್ಕೆ ಕರೆದು ಜೇನಿಲ್ಲದ ದನಿಯಲ್ಲಿ ಹೇಳಿದಳು. “ಎಲ್ಲ ಕೇಳಿಸ್ತು. ಅವರು ಹೋದರೆ ನನಗೇನಿಲ್ಲ. ನಾನು ಸಾಯಂಕಾಲದವರೆಗೆ ಆಫೀಸಲ್ಲಿರ್ತೀನಿ. ಮನೇಲಿ ಇರೋದು ಯಾರು?”

“ನಾನು.”

“ರಿಟೈರ್ ಆಗಿ ಸುಮ್ಮನೆ ಕೂತಿರೋದು ಯಾರು?”

“ನಾನೇ.”

“ಗುಡಿಸೋದು, ತೊಳೆಯೋದು, ಕುಕ್ಕರ್ ಇಡೋದು ಇನ್ನು ಯಾರು ಅಂತ ನಾನು ಹೇಳಬೇಕಾ?” ಎಂದು ಛತ್ರಿ ಬಿಚ್ಚಿ ಮೆಟ್ಟಿಲು ಇಳಿದು ಹೋದಳು.

ಕುಕ್ಕರ್ ಎಂದದ್ದು ಬೇಕೆಂದೇ. ನಂಜುಂಡನ್‌ಗೆ ಕುಕ್ಕರಿನ ಭಯ. ಅದು ಕೂಗುವ ಮೊದಲು ಮಾಡುವ ಆ ಸಣ್ಣ ನಡುಕ ಇದೆಯಲ್ಲ, ಅದು ಶುರುವಾದರೆ ಅವನು ಏನಾದರೂ ನೆಪ ಹೇಳಿ ಗೇಟಿನವರೆಗೆ ಹೋಗಿ ಬರುತ್ತಾನೆ. ಈಗ ಕುರ್ಚಿಯಲ್ಲಿ ಕೂತು, ಮುಖದ ಮುಂದೆ ಪೇಪರು ಹಿಡಿದು, ನಾಳೆಯನ್ನು ನೋಡಿದ. ಒಲೆಯ ಮೇಲೆ ಕುಕ್ಕರು, ಅದರ ಮುಂದೆ ತಾನು, ಕೈಯಲ್ಲಿ ಸೌಟು, ನೋಡಲಿಕ್ಕೆ ಬಂದ ನೆರೆಯವರು. ಛೆ. ಬಗ್ಗಿದರಾಯಿತು. ಒಂದು ಕುತ್ತಿಗೆ, ಒಂದು ಕ್ಷಣ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಮೂವತ್ತು ವರ್ಷ ಟೀ ಫ್ಯಾಕ್ಟರಿಯಲ್ಲಿ ಹಸಿರೆಲೆ ತೂಗುವ ಕಡೆ ಮೇಲ್ವಿಚಾರಕನಾಗಿದ್ದವನು. ಆ ಕುತ್ತಿಗೆ ಬಗ್ಗದ್ದೇನಲ್ಲ. ಬೆನ್ನ ಮೇಲೆ ಮೂಟೆ ಹೊತ್ತ ಹೆಂಗಸರು ತಕ್ಕಡಿಯ ಮುಂದೆ ಬಗ್ಗುತ್ತಿದ್ದರು, ಅವನು ಮ್ಯಾನೇಜರನ ಮುಂದೆ. ಮ್ಯಾನೇಜರು ಅವನ ತಮ್ಮನಾಗಬಹುದಾದ ವಯಸ್ಸಿನವನು. ಅವನ ಕಂದು ನಾಯಿ ಒಂದು ದಿನ ಒಂಟಿಯಾಗಿ ಆಫೀಸಿಗೆ ಬಂದಾಗ ನಂಜುಂಡನ್ ಎದ್ದು, ಅಭ್ಯಾಸಬಲದಿಂದ, “ಗುಡ್ ಮಾರ್ನಿಂಗ್ ಸಾರ್” ಎಂದಿದ್ದ. ನಾಯಿ ಬಾಲ ಅಲ್ಲಾಡಿಸಿತು. ಮ್ಯಾನೇಜರು ಯಾವತ್ತೂ ಅಷ್ಟು ಮಾಡಿರಲಿಲ್ಲ.

“ಕಾಲು ಎತ್ತು,” ಎಂದಳು ಮಾತಿ.

ಒರೆಸುವ ಬಟ್ಟೆ ಬಂದಿತ್ತು. ಅವನು ಎರಡೂ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದ. ದಿನಾ ಹೀಗೇ. ಈ ಮನೆಯ ಯಜಮಾನನನ್ನು ದಿನಾ ಬೆಳಿಗ್ಗೆ ಒಬ್ಬಳು ಕಾಲೆತ್ತು ಎನ್ನುತ್ತಾಳೆ, ಅವನು ಎತ್ತುತ್ತಾನೆ, ಅದರಲ್ಲಿ ಅವನಿಗೆ ಅವಮಾನವಿಲ್ಲ. ತಲೆ ಎಂದ ಕೂಡಲೇ ಅವಮಾನ. ಅವಳು ಸೊಂಟ ಮಡಿಸಿ ಬಗ್ಗಿದ್ದಳು. ಅವಳ ನೆತ್ತಿ ಅವನ ಮೊಣಕಾಲಿನ ಮಟ್ಟಕ್ಕಿತ್ತು. ಬೈತಲೆ ಅಗಲವಾಗಿತ್ತು, ಬೆಳ್ಳಗಿತ್ತು, ಬಣ್ಣ ಹಚ್ಚಿರಲಿಲ್ಲ. ಈ ನಾಲ್ಕು ವರ್ಷದಲ್ಲಿ ಇವಳು ತನ್ನ ಮುಂದೆ ಎಷ್ಟು ಸಲ ಬಗ್ಗಿರಬಹುದು ಎಂದು ಲೆಕ್ಕ ಹಾಕಲು ಹೋಗಿ, ಲೆಕ್ಕ ಹೋಗುವ ದಿಕ್ಕು ಸರಿ ಕಾಣದೆ, ಪೇಪರಿನಲ್ಲಿ ಚಿನ್ನದ ರೇಟು ಓದಿದ. ಕಾಲು ಇಳಿಸಲು ಮರೆತ. ಅವಳು ಹೋಗಿ ಎಷ್ಟೋ ಹೊತ್ತಾದ ಮೇಲೆ ತೊಡೆ ನಡುಗಿ ನೆನಪಾಯಿತು.

ಇತ್ತಲಾರಿಗೆ ಅವಳು ಸೊಸೆಯಾಗಿ ಬಂದಾಗ ಅವನು ಮೂಗು ಸುರಿಸುವ ಹುಡುಗ. ಅಪ್ಪನಿಗೆ ದೂರದಲ್ಲಿ ತಮ್ಮನಾಗಬೇಕಾದವನ ಹೆಂಡತಿ, ಇವನಿಗೆ ಚಿಕ್ಕವ್ವೆ. ಹುಲ್ಲಿನ ಮೇಲೆ ಹಿಮ ಕೂತು ಬೆಳ್ಳಗಾದ ಬೆಳಿಗ್ಗೆ, ಒಲೆಯ ಮುಂದಿನಿಂದ ಎದ್ದು ಬಂದ ಅವಳ ಕೈ ರೊಟ್ಟಿಯ ಹಾಗೆ ಬಿಸಿ. ಅವನು ಹೋಗಿ ತಲೆ ಬಗ್ಗಿಸುವನು, ಅವಳು ಕೈಯಿಡುವಳು, ಬದುಕು. ಮನೆಯನ್ನು ಒಂದು ಸುತ್ತು ಹಾಕಿ ಬಂದು ಮತ್ತೆ ಬಗ್ಗುವನು. “ಈಗಷ್ಟೇ ಬಂದೆಯಲ್ಲ?” ಎಂದರೆ “ಅವ ಬೇರೆ ಹುಡುಗ, ನಾ ಬೇರೆ” ಎನ್ನುವನು. ಅವಳು ಗಂಭೀರವಾಗಿ ಆ ಬೇರೆ ಹುಡುಗನ ತಲೆಗೂ ಕೈಯಿಡುವಳು, ಅವನ ಅಪ್ಪನ ಹೆಸರು ಕೇಳುವಳು. ಆ ಚಳಿಯಲ್ಲಿ ಅವನು ದಿನಕ್ಕೆ ನಾಲ್ಕೈದು ಹುಡುಗರಾಗುತ್ತಿದ್ದ. ಟೀ ಎಲೆಯ ಬೆಲೆ ಬಿದ್ದು, ಗಂಡ ಸತ್ತು, ಅವಳು ಕೆಲಸ ಹುಡುಕಿಕೊಂಡು ಊಟಿಯ ಈ ಮನೆಯ ಗೇಟಿನಲ್ಲಿ ನಿಂತಾಗ ಇವನು ಏನು ಹೇಳಿದ? ಬಾ ಚಿಕ್ಕವ್ವೆ ಎಂದನೇ? ಹೇಳಿದ ಹಾಗೆ ನೆನಪು. ನೆನಪನ್ನು ಇನ್ನೊಂದು ಸಲ ನೋಡಿದರೆ, ಇಲ್ಲ, ಚಪ್ಪಲಿ ಹೊರಗೇ ಬಿಡು ಎಂದ.

ಬಗ್ಗುವುದೇನೋ ಸರಿ, ಎಷ್ಟು ಎಂಬುದು ಮರೆತೇ ಹೋಗಿತ್ತು. ನಿನ್ನೆ ಸಾಲಿನಲ್ಲಿ ಕುತ್ತಿಗೆ ತಾನಾಗಿ ಮಾಡಿದ್ದನ್ನು ಈಗ ಬುದ್ಧಿ ಮಾಡಬೇಕು. ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿ ಕನ್ನಡಿಯ ಮುಂದೆ ನಿಂತ. ಟೋಪಿ ತೆಗೆದ. ಕೂದಲು ನಿನ್ನೆಯ ತೂರಲಿಗೆ ತೊಳೆದು ಅಲ್ಲಲ್ಲಿ ಕಂದು, ಅಲ್ಲಲ್ಲಿ ಬೂದಿ; ಮಳೆಯಲ್ಲಿ ನೆನೆದ ಕೋಳಿ. ಸ್ವಲ್ಪ ಬಗ್ಗಿದ. ಇದು ಸೊಕ್ಕಿನ ಹಾಗೆ ಕಾಣುತ್ತದೆ. ಇನ್ನೂ ಸ್ವಲ್ಪ. ಇದು ಹೊಟ್ಟೆನೋವಿನ ಹಾಗೆ. ಬಾಯಲ್ಲಿ ಏನಾದರೂ ಹೇಳಬೇಕೇ? “ಚಿಕ್ಕವ್ವೆ” ಎಂದು ಕನ್ನಡಿಗೆ ಹೇಳಿ ನೋಡಿದ. ಹಬೆ ಕೂತಿತು. ಒರೆಸಿ ಮತ್ತೆ ಹೇಳಿದ. ದನಿ ದಪ್ಪವಾಗಿ, ತಕ್ಕಡಿಯ ಮುಂದೆ ‘ಮುಂದೆ ಬಾ’ ಎನ್ನುವ ಹಾಗೆ ಬಂತು. ಮೂರನೆಯ ಸಲ ಮನಸ್ಸಿಟ್ಟು, ಕಣ್ಣು ಮುಚ್ಚಿ, ಪೂರ್ತಿ ಬಗ್ಗಿದ. ಕೆಳಗೆ ನಲ್ಲಿ ಇತ್ತು. ಹಣೆ ಮೊದಲು ಸದ್ದು ಮಾಡಿತು, ಆಮೇಲೆ ನೋಯಿತು.

ಹೊರಗೆ ಬಂದಾಗ ಹಣೆಯ ಮೇಲೆ ಬದನೆಕಾಯಿ ಬಣ್ಣದ ಗಂಟು. ಮಾತಿ ಅದನ್ನು ನೋಡಿ ಅಡುಗೆಮನೆಗೆ ಹೋಗಿ ತಣ್ಣನೆಯ ಸ್ಟೀಲು ಲೋಟ ತಂದು ಹಣೆಗೆ ಒತ್ತಿದಳು. ಅವನು ನಿಂತೇ ಇದ್ದ. ಅವಳ ಮೈಯಿಂದ ಹೊಗೆ, ಸೋಪು, ಒಗ್ಗರಣೆ ಮೂರೂ ವಾಸನೆ ಬರುತ್ತಿತ್ತು. ಲೋಟದ ಆಚೆ ಅವಳ ಕೈ ಇತ್ತು, ಲೋಟದ ಈಚೆ ಅವನ ತಲೆ. ಒಂದು ಆಸೆ ಹುಟ್ಟಿತು.

“ಈಗ ಕೈ ಇಟ್ಟ ಹಾಗೇ ಆಯ್ತಲ್ಲ,” ಎಂದ. “ಮುಗೀತು ಅಂತ ಇಟ್ಕೊಳ್ಳೋಣ?”

“ಇದು ಲೋಟ,” ಎಂದಳು.

ಮಧ್ಯಾಹ್ನದ ಹೊತ್ತಿಗೆ ಅವನು ಬೇರೆ ದಾರಿ ಹಿಡಿದ. ಬಗ್ಗುವ ಬದಲು ಇನ್ನೇನಾದರೂ ಕೊಟ್ಟರೆ? ಊಟದ ಮೇಜಿಗೆ ಆರು ಕುರ್ಚಿ. ಅವುಗಳ ಧೂಳು ಹೊಡೆಯುವವಳು ಅವಳು, ಕೂರುವವರು ಇವರಿಬ್ಬರು. ಅವಳು ಉಣ್ಣುವುದು ಅಡುಗೆಮನೆಯಲ್ಲಿ, ಈರುಳ್ಳಿ ಬುಟ್ಟಿಯ ಪಕ್ಕದ ಮೋಟು ಸ್ಟೂಲಿನ ಮೇಲೆ. ಅಲ್ಲಿ ಕೂರು ಎಂದು ಯಾರೂ ಹೇಳಿರಲಿಲ್ಲ. ಇಲ್ಲಿ ಕೂರು ಎಂದೂ ಯಾರೂ ಹೇಳಿರಲಿಲ್ಲ. ಅವನು ಒಂದು ಕುರ್ಚಿ ಎಳೆದು, “ಬಾ, ಕೂತ್ಕೋ” ಎಂದ. ಮಾತಿ ಕೈ ಒರೆಸಿಕೊಂಡು ಬಂದು ಕೂತಳು. ಅಂಚಿನಲ್ಲಿ ಅಲ್ಲ, ಪೂರ್ತಿ ಕೂತಳು, ಬೆನ್ನು ಒರಗಿಸಿ. ಇದನ್ನು ಅವನು ಯೋಚಿಸಿರಲಿಲ್ಲ. ಅವಳು ಕೂತಿದ್ದಾಳೆ, ತಾನು ನಿಂತಿದ್ದಾನೆ. ತಾನೂ ಕೂತರೆ ನೆಂಟರಂತಾಗುತ್ತದೆ. ನಿಂತರೆ ಹೋಟೆಲಿನ ಸಪ್ಲೈಯರಿನಂತೆ. ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ಆ ಕಡೆಯಿಂದ ಈ ಕಡೆಗಿಟ್ಟ.

“ಕೂತೆ,” ಎಂದಳು ಮಾತಿ. “ಈಗ ಏನ?”

“ಏನಿಲ್ಲ. ಸುಮ್ಮನೆ ಕೂತ್ಕೋ.”

ಅವಳು ಆ ಕುರ್ಚಿಯಿಂದ ಮನೆ ಹೇಗೆ ಕಾಣುತ್ತದೆ ಎಂದು ತಲೆ ತಿರುಗಿಸಿ ಒಮ್ಮೆ ನೋಡಿದಳು: ಟಿವಿ, ಫ್ರಿಜ್ಜು, ಕಿಟಕಿಯ ಆಚೆ ಟೀ ಗುಡ್ಡ, ಅದರ ಮೇಲೆ ಮೋಡ. “ಚೆನ್ನಾಗಿ ಕಾಣ್ತದೆ ಇಲ್ಲಿಂದ,” ಎಂದಳು. ಆಮೇಲೆ, “ಏಳ್ಲಾ? ಅನ್ನ ಸೀಯುತ್ತೆ.”

“ಏಳು,” ಎಂದ, ಪರೀಕ್ಷೆ ಮುಗಿದವನ ಹಾಗೆ.

ಅವಳು ಹೋದ ಮೇಲೆ ಆ ಕುರ್ಚಿ ಅವನನ್ನು ಕಾಡಿತು. ಊಟಕ್ಕೆ ಪಕ್ಕದ ಕುರ್ಚಿಯಲ್ಲಿ ಕೂತ. ಯಾಕೆ ಪಕ್ಕದ್ದರಲ್ಲಿ ಕೂತೆ ಎಂದು ತನ್ನನ್ನೇ ಕೇಳಿಕೊಂಡ. ಅದರಲ್ಲೂ ಕೂರಬಲ್ಲೆ, ನನಗೇನು ಅಂಥ ಬುದ್ಧಿ ಇಲ್ಲ ಎಂದು ತಟ್ಟೆ ಸಮೇತ ಎದ್ದು ಅದರಲ್ಲಿ ಕೂತ. ಅದು ಇನ್ನೂ ಬೆಚ್ಚಗಿದೆ ಅನ್ನಿಸಿತು. ಸುಳ್ಳು, ಅಷ್ಟು ಹೊತ್ತಿಗೆ ಆರಿ ಮಂಜಾಗಿತ್ತು. ಆದರೂ ಎದ್ದು ಹಳೆಯ ಜಾಗಕ್ಕೆ ಹೋದ. ಮಾತಿ ಸಾರು ತಂದಾಗ ಅವನು ಎರಡು ಕುರ್ಚಿಗಳ ನಡುವೆ ತಟ್ಟೆ ಹಿಡಿದು ನಿಂತಿದ್ದ. ಅವಳು ನಿಂತವನ ತಟ್ಟೆಗೇ ಸಾರು ಬಡಿಸಿ ಹೋದಳು.

ಮೂರು ಗಂಟೆಯ ಮೇಲೆ ಬೆಳಕು ಇಳಿಯಿತು. ಮಾತಿ ಹಿಂದಿನ ಕೋಣೆಯಿಂದ ತನ್ನ ಬಟ್ಟೆಗಂಟು ತಂದು ಗೋಡೆಗೆ ಒರಗಿಸಿಟ್ಟಳು, ಮತ್ತೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಗಂಟು ಚಿಕ್ಕದು. ನಾಲ್ಕು ವರ್ಷಕ್ಕೆ ಇಷ್ಟೇನಾ ಅನ್ನಿಸಿ ಅವನಿಗೆ ಒಂದು ಥರ ಆಯಿತು. ಸರಿ, ಈಗಲೇ. ಅಡುಗೆಮನೆಗೆ ಹೋದ. ಅವಳು ಬೆನ್ನು ಮಾಡಿ ನಿಂತಿದ್ದಳು. ಬೆನ್ನಿಗೆ ಬಗ್ಗಿದರೆ ನಡೆಯುತ್ತದೆಯೇ? ನಡೆಯುವುದಿಲ್ಲ, ಕೈ ಇಡಬೇಕಲ್ಲ. ಆದರೂ ಒಂದು ಸಲ ಅಭ್ಯಾಸಕ್ಕೆ, ಟೋಪಿ ತೆಗೆದು, ಬಾಗಿಲ ಬಳಿಯೇ ಬಗ್ಗಿದ.

“ಅಯ್ಯೋ, ಏನು ಹುಡುಕ್ತಿದ್ದೀರಿ ನಂಜುಂಡನ್ ಸಾರೇ?” ಹಿಂಬಾಗಿಲಲ್ಲಿ ಸುಧಾಕರನ್ ನಿಂತಿದ್ದ. ಗೂಡಲೂರಿನಿಂದ ಬಂದು ಪಕ್ಕದ ಮನೆಯಲ್ಲಿ ಮೆಣಸಿನ ವ್ಯಾಪಾರ ಮಾಡಿಕೊಂಡಿರುವವನು. ಬಾಗಿಲು ತಟ್ಟುವ ಅಭ್ಯಾಸವಿಲ್ಲದವನು.

“ವ್ಯಾಯಾಮ,” ಎಂದ ನಂಜುಂಡನ್, ಬಗ್ಗಿಯೇ.

“ಎದಕ್ಕೆ?”

“ಕುತ್ತಿಗೆಗೆ.”

“ಹಾಗಲ್ಲ ಸಾರೇ. ಕೈ ಸೊಂಟಕ್ಕೆ ಕೊಡಬೇಕು. ಇಲ್ಲಿ ನೋಡಿ.” ಸುಧಾಕರನ್ ಛತ್ರಿ ಒರಗಿಸಿ, ಲುಂಗಿ ಎತ್ತಿ ಕಟ್ಟಿ, ಎದುರು ನಿಂತು ಬಗ್ಗಿದ. ನಂಜುಂಡನ್ ಬೇರೆ ದಾರಿಯಿಲ್ಲದೆ ಬಗ್ಗಿದ. ಇಬ್ಬರು ಗಂಡಸರು ಒಬ್ಬರ ನೆತ್ತಿ ಒಬ್ಬರಿಗೆ ತೋರಿಸುತ್ತ ಏಳುತ್ತ ಬೀಳುತ್ತ ಇದ್ದರು. ಮಾತಿ ತಿರುಗಿ ನೋಡಿದಳು, ಮತ್ತೆ ತಿರುಗಿ ಬಾಣಲೆ ತಿಕ್ಕಿದಳು. ಅವಳ ಭುಜ ಅಲ್ಲಾಡುತ್ತಿತ್ತು. ತಿಕ್ಕುವುದಕ್ಕೋ ನಗುವುದಕ್ಕೋ ಗೊತ್ತಾಗಲಿಲ್ಲ.

ವ್ಯಾಯಾಮ ಮುಗಿಸಿ ಸುಧಾಕರನ್ ಕೂತ. ಕೂತರೆ ಏಳುವವನಲ್ಲ. ಕೂತದ್ದು ಆ ಕುರ್ಚಿಯಲ್ಲೇ. “ನಮ್ಮ ಮನೆ ಕೆಲಸದವಳು ಬಿಟ್ಟು ಹೋದಳು ಸಾರೇ. ಒಂದು ಮಾತು ಅಂದಿದ್ದಕ್ಕೆ. ಏನು ಕಾಲ ನೋಡಿ, ಇವಕ್ಕೆಲ್ಲ ಈಗ ಕೊಬ್ಬು. ಮನೆಯವರ ಹಾಗೆ ನೋಡಿಕೊಂಡರೆ ತಲೆ ಮೇಲೇ ಹತ್ತುತ್ತವೆ. ಅಲ್ಲವಾ?”

ಟೀ ಹಿಡಿದು ಮಾತಿ ಬಾಗಿಲಿಗೆ ಬಂದಿದ್ದಳು. ನಂಜುಂಡನ್‌ಗೆ ಅವಳು ಕಂಡಳು. ಅಲ್ಲ ಎನ್ನಬಹುದಿತ್ತು. ಅಲ್ಲ ಎಂಬುದು ಎಷ್ಟು ಸಣ್ಣ ಮಾತು, ನಾಲಿಗೆ ಪೂರ್ತಿ ತಿರುಗುವುದೂ ಬೇಡ. ಆದರೆ ಅವನ ತಲೆ, ಬೆಳಗಿನಿಂದ ಬಗ್ಗಲು ಒಪ್ಪದಿದ್ದ ಅದೇ ತಲೆ, ಮೆಣಸಿನ ವ್ಯಾಪಾರಿಯ ಮುಂದೆ ತಾನಾಗಿ ಮೇಲೆ ಕೆಳಗೆ ಆಡಿತು. “ಹೌದು ಹೌದು,” ಎಂದಿತು ಬಾಯಿ. ಮಾತಿ ಇಬ್ಬರ ಮುಂದೆ ಲೋಟ ಇಟ್ಟಳು. “ಟೀ, ಸಾರ್,” ಎಂದಳು. ಬೆಳಿಗ್ಗೆ ನಂಜ ಎಂದಾಗ ಉರಿದದ್ದಕ್ಕಿಂತ ಈ ಸಾರ್ ಹೆಚ್ಚು ಉರಿಯಿತು. ಹಣೆಯ ಗಂಟು ಕೂಡ ಅದಕ್ಕೆ ತಾಳ ಹಾಕಿತು. ಈ ಮನುಷ್ಯ ಯಾವಾಗ ಏಳುತ್ತಾನೆ? ಸುಧಾಕರನ್ ಮೆಣಸಿನ ಬೆಲೆ ಹೇಳಿದ, ಅಳಿಯನ ಸುದ್ದಿ ಹೇಳಿದ, ಮಸಿನಗುಡಿ ರಸ್ತೆಯಲ್ಲಿ ತನ್ನ ವ್ಯಾನಿಗೆ ಅಡ್ಡ ನಿಂತ ಆನೆಯ ಕತೆಯನ್ನು ಆನೆಗಿಂತ ನಿಧಾನವಾಗಿ ಹೇಳಿದ. ನಂಜುಂಡನ್ ಗಡಿಯಾರ ನೋಡಿದ, ಬಟ್ಟೆಗಂಟು ನೋಡಿದ, ಗಡಿಯಾರ ನೋಡಿದ. ಕೊನೆಗೆ ಎದ್ದು ನಿಂತು, “ನನಗೆ ಭೇದಿ, ಸುಧಾಕರನ್,” ಎಂದ. ಸುಧಾಕರನ್ ಛತ್ರಿ ತೆಗೆದುಕೊಂಡು ತಕ್ಷಣ ಹೋದ.

ಇತ್ತಲಾರಿನ ಬಸ್ಸು ಕೆಳಗಿನ ತಿರುವಿನಲ್ಲಿ ನಿಲ್ಲುವ ಹೊತ್ತು ಹತ್ತಿರವಾಗಿತ್ತು. ಮಾತಿ ಮುಖ ತೊಳೆದು, ತಲೆಗೆ ಬಿಳಿ ಬಟ್ಟೆ ಕಟ್ಟಿ, ಶಾಲು ಹೊದ್ದು, ಹಾಲಿನ ನಡುವೆ ಬಂದು ನಿಂತಿದ್ದಳು. ಹೋಗುವುದಕ್ಕೆ ನಿಂತದ್ದಲ್ಲ, ಕಾಯುವುದಕ್ಕೆ ನಿಂತದ್ದು ಎಂದು ಅವನಿಗೆ ತಿಳಿಯಿತು. ಅವಳಿಗೂ ಹೋಗುವುದು ಸುಲಭವಲ್ಲ. ಊರಿನಲ್ಲಿ ಸೋರುವ ಮನೆ, ಬೆಲೆಯಿಲ್ಲದ ಎಲೆ. ಇಷ್ಟೆಲ್ಲ ಇದ್ದೂ ಅವಳು ಕೇಳಿದ್ದು ಒಂದು ತಲೆ. ಅವನಿಗೆ ಕುಕ್ಕರು ನೆನಪಿಗೆ ಬರಲಿಲ್ಲ. ಇದನ್ನು ಹೇಳಲೇಬೇಕು: ಆ ಹೊತ್ತಿನಲ್ಲಿ ಅವನಿಗೆ ಕುಕ್ಕರು ನಿಜವಾಗಿಯೂ ನೆನಪಿಗೆ ಬರಲಿಲ್ಲ.

“ಚಿಕ್ಕವ್ವೆ,” ಎಂದ. ಕನ್ನಡಿಯ ಮುಂದೆ ಬರದ ದನಿ ಬಂತು.

ಅವಳು ಬಟ್ಟೆಗಂಟನ್ನು ಕಂಕುಳಿಂದ ಕೆಳಗಿಟ್ಟಳು. ಅವನು ಟೋಪಿ ತೆಗೆದ. ಒಂದು ಹೆಜ್ಜೆ ಮುಂದೆ ಹೋಗಿ, ಯಾರೂ ಕಲಿಸದ ಹಾಗೆ, ಸೊಕ್ಕೂ ಅಲ್ಲದೆ ಹೊಟ್ಟೆನೋವೂ ಅಲ್ಲದೆ, ತಲೆ ಬಗ್ಗಿಸಿದ. ಬಣ್ಣ ಹೋದ ನೆತ್ತಿಗೆ ಮನೆಯೊಳಗಿನ ಚಳಿ ತಾಗಿತು. ಶಾಲು ಸರಿದ ಸದ್ದು. ಕೈ ಎದ್ದಿತು ಎಂದು ಗೊತ್ತಾಯಿತು. ಕೂದಲಿನ ಮೇಲೆ ಅದರ ಬಿಸಿ ಇನ್ನೂ ಇಷ್ಟು ದೂರದಲ್ಲಿದೆ ಎನ್ನುವಾಗಲೇ ನೆತ್ತಿ ಅದನ್ನು ಹೀರಿಕೊಂಡಿತು. ಅವನ ಕಣ್ಣು ತೆರೆದಿತ್ತು. ನೆಲ ಇಷ್ಟು ಹತ್ತಿರದಲ್ಲಿ ಅವನಿಗೆ ಯಾವತ್ತೂ ಕಂಡಿರಲಿಲ್ಲ. ಟೈಲು, ಟೈಲಿನ ಗೆರೆ, ಶೋಕೇಸಿನ ಕಾಲು, ಅದರ ಕೆಳಗೆ ಧೂಳಿನ ಉಂಡೆ, ಉಂಡೆಯ ಪಕ್ಕದಲ್ಲಿ ಒಂದು ಬಿಸ್ಕತ್ತಿನ ಚೂರು, ಅದಕ್ಕೆ ಮುತ್ತಿದ ಇರುವೆ.

“ಇಲ್ಲಿ ಗುಡಿಸೇ ಇಲ್ಲ,” ಎಂದ.

ಹೇಳಬೇಕೆಂದು ಹೇಳಿದ್ದಲ್ಲ. ಬಾಯಿ ಹೇಳಿತು.

ಬಿಸಿ ನಿಂತಲ್ಲೇ ನಿಂತಿತು. “ಎಲ್ಲಿ?” ಎಂದಳು ಮಾತಿ.

ಅವನು ಬಗ್ಗಿದಲ್ಲಿಂದಲೇ ಬೆರಳು ತೋರಿಸಿದ. “ಶೋಕೇಸ್ ಕೆಳಗೆ. ಇರುವೆ ಬಂದಿದೆ ನೋಡು.”

ಅವಳೂ ಬಗ್ಗಿದಳು. ಒಂದು ಕ್ಷಣ ಇಬ್ಬರ ತಲೆಯೂ ಒಂದೇ ಮಟ್ಟಕ್ಕಿತ್ತು, ಇಬ್ಬರೂ ಶೋಕೇಸಿನ ಕೆಳಗೆ ನೋಡುತ್ತಿದ್ದರು. “ಹೌದು,” ಎಂದಳು. “ಇರುವೆ.” ಸೊಂಟಕ್ಕೆ ಕೈಕೊಟ್ಟು ನಿಧಾನವಾಗಿ ಎದ್ದಳು. ಅವಳ ಕಾಲು ತಿರುಗಿ ಅವನ ಕಣ್ಣಳತೆಯಿಂದ ಆಚೆ ಹೋಯಿತು. ಮುಂಬಾಗಿಲು ತೆರೆದ ಸದ್ದಾಯಿತು, ಮಂಜಿನ ತಂಪು ಒಳಗೆ ಬಂತು.

ಪೊರಕೆ ತರಲು ಹೋದಳು ಎಂದುಕೊಂಡ. ಈಗ ಎದ್ದು ನಿಂತರೆ ಅರ್ಧಕ್ಕೆ ಎದ್ದಂತಾಗುತ್ತದೆ, ಮತ್ತೆ ಮೊದಲಿನಿಂದ ಬಗ್ಗಬೇಕಾಗುತ್ತದೆ. ಅವಳು ಬರಲಿ, ಅದನ್ನು ಗುಡಿಸಲಿ, ಆಮೇಲೆ ಕೈಯಿಡಲಿ, ಆತುರವೇನು. ಕೆಳಗಿನ ತಿರುವಿನಲ್ಲಿ ಬಸ್ಸು ನಿಂತು ಉಸಿರು ಬಿಟ್ಟದ್ದು ಕೇಳಿಸಿತು, ಮತ್ತೆ ಗೇರು ಹಾಕಿ ಏರು ಹತ್ತಿದ್ದು ಕೇಳಿಸಿತು. ನಂಜುಂಡನ್ ತಲೆ ಎತ್ತದೆ, ಸೋಫಾದ ಕಾಲು, ಮೇಜಿನ ಕಾಲು, ಆರು ಕುರ್ಚಿಗಳ ಕಾಲು ಎಲ್ಲವನ್ನೂ ದಾಟಿ ಕಣ್ಣು ಓಡಿಸಿದ. ಬಟ್ಟೆಗಂಟು ಇಟ್ಟಿದ್ದ ಜಾಗದಲ್ಲಿ ಬರೀ ಟೈಲು. ಪೊರಕೆ ಒಳಗೇ ಇತ್ತು, ಅಡುಗೆಮನೆಯ ಬಾಗಿಲ ಸಂದಿಯಲ್ಲಿ, ಗೋಡೆಗೆ ಒರಗಿ.